ನಾನು ಕೂತರೆ ಕಪ್ಪಾಗುವ ಸ್ಕ್ರೀನು

ಉರಿಗಾಂನ ಚಿನ್ನದ ಗಣಿ ಕೆಲಸಗಾರರ ಹಳೇ ಮನೆಯೊಂದರ ಮುಂದಿನ ಕೋಣೆಯಲ್ಲಿ ನಾವು ಐದು ಜನ ಹೆಂಗಸರು ಬ್ಲೌಸ್ ಹೊಲಿಯುತ್ತೇವೆ. ಮೊನ್ನೆ ಮೊನ್ನೆಯವರೆಗೆ ಕತ್ತರಿ, ಟೇಪು, ಮಷೀನು ಇಷ್ಟೇ ನಮ್ಮ ಸಂಸಾರ. ಆಮೇಲೆ ಕಂಪ್ಯೂಟರ್ ಕಸೂತಿಯ ಮಷೀನು ಬಂತು, ಅದಕ್ಕೆ ಡಿಸೈನ್ ಮಾಡಿ ಕೊಡಲು ಒಂದು ಹಳೇ ಲ್ಯಾಪ್‌ಟಾಪೂ ಬಂತು. ಡಿಸೈನ್ ಕಲಿಸಲು ಬಂಗಾರಪೇಟೆಯಲ್ಲಿ ಒಂದು ವಾರದ ಟ್ರೈನಿಂಗ್ ಇತ್ತು. ನಮ್ಮಲ್ಲಿ ಒಬ್ಬರಿಗೆ ಮಾತ್ರ ಜಾಗ. ಅದು ನನಗೇ ಸಿಗಬೇಕು ಎಂದು ಒಳಗೊಳಗೇ ಒದ್ದಾಡುತ್ತಿದ್ದೆ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಯಾರಾದರೂ ಪಾಠ ಹೇಳುವ ಜಾಗದಲ್ಲಿ ಇನ್ನೊಮ್ಮೆ ಬೆಂಚಿನ ಮೇಲೆ ಕೂರಬೇಕೆಂಬ ಆಸೆ ಹೋಗಿಯೇ ಇರಲಿಲ್ಲ. ಆದರೆ ಬಾಯಿ ಬಿಟ್ಟು ಕೇಳಿರಲಿಲ್ಲ. ನಾನು ಬಾಯಿ ಬಿಡದೆ ಇಟ್ಟುಕೊಂಡ ವಿಷಯ ಬಹುಶಃ ಅದೊಂದೇ.

ನನ್ನ ಬಾಯಿಯ ವಿಷಯ ಕೋಣೆಗೆಲ್ಲ ಗೊತ್ತು. ಮಿಕ್ಕವರು ಗುಂಡುಪಿನ್ನುಗಳನ್ನು ತುಟಿಯ ನಡುವೆ ಕಚ್ಚಿಕೊಂಡು ಕೆಲಸ ಮಾಡುತ್ತಾರೆ. ನನ್ನ ಬಾಯಿ ಅಷ್ಟು ಹೊತ್ತು ಸುಮ್ಮನಿರುವುದಿಲ್ಲ. ಅದಕ್ಕೇ ಒಂದು ಚೂರು ಮ್ಯಾಗ್ನೆಟ್ಟನ್ನು ಬಟ್ಟೆಯ ಪಟ್ಟಿಯೊಳಗೆ ಹೊಲಿದು ಎಡಗೈ ಮಣಿಕಟ್ಟಿಗೆ ಕಟ್ಟಿಕೊಂಡಿದ್ದೆ. ಪಿನ್ನುಗಳು ಅದಕ್ಕೆ ಅಂಟಿಕೊಂಡಿರುತ್ತಿದ್ದವು, ನಾನು ಆರಾಮಾಗಿ ಹರಟುತ್ತಿದ್ದೆ.

ಲ್ಯಾಪ್‌ಟಾಪಿನ ಕಾಟ ಶುರುವಾದದ್ದು ಬಂದ ಮೊದಲ ವಾರದಲ್ಲೇ. ಬೇರೆ ಯಾರು ಕೂತರೂ ಅದು ಚೆನ್ನಾಗಿ ನಡೆಯುತ್ತಿತ್ತು. ನಾನು ಕೂತು ಒಂದು ಹೂವಿನ ಗೆರೆ ಎಳೆಯುವಷ್ಟರಲ್ಲಿ ಸ್ಕ್ರೀನು ಪಕ್ಕನೆ ಕಪ್ಪಾಗಿಬಿಡುತ್ತಿತ್ತು. ಕೈ ತೆಗೆದು ಎದ್ದುಹೋದರೆ, ಇನ್ನೊಬ್ಬರು ಬಂದು ಗುಂಡಿ ಒತ್ತಿದರೆ ಮತ್ತೆ ಬರುತ್ತಿತ್ತು. ಮೊದಮೊದಲು ಎಲ್ಲರೂ ನಕ್ಕರು, ನಾನೂ ನಕ್ಕೆ. ನಾಲ್ಕಾರು ಸಲ ಹಾಗೇ ಆದ ಮೇಲೆ ನಗು ನಿಂತಿತು. ನಮ್ಮಲ್ಲಿ ಹಿರಿಯರಾದ ಅಕ್ಕ, ಗುಂಪನ್ನು ಕಟ್ಟಿದವರೇ ಅವರು, ಮೆತ್ತಗೆ ಹೇಳಿದರು: “ನೀನು ಒಸಿ ದೂರ ಕುತ್ಕಳಮ್ಮ. ಕೆಲವರ ಕೈ ಅಂಗೇ, ಕೆಲವುಕ್ಕೆ ಆಗಿಬರಾಕಿಲ್ಲ.”

ಬೈದಿದ್ದರೆ ತಿರುಗಿಸಿ ಕೊಡುತ್ತಿದ್ದೆ. ಅಕ್ಕ ಬೈಯಲಿಲ್ಲ. ನನಗೆ ಹೊಲಿಗೆ ಕಲಿಸಿ, ಈ ಕೋಣೆಯಲ್ಲಿ ಜಾಗ ಕೊಟ್ಟವರು ಅವರೇ. ಅದಕ್ಕೇ ಆ ಮಾತು ಎದೆಗೆ ನಾಟಿತು. ಅದು ನನಗೆ ಹೊಸದೂ ಆಗಿರಲಿಲ್ಲ. ಮದುವೆಯಾಗಿ ಕ್ಯಾಸಂಬಳ್ಳಿ ಕಡೆಯ ಹಳ್ಳಿಗೆ ಹೋದ ಹೊಸದರಲ್ಲಿ ನಾನು ಹಾಲು ಕರೆಯಲು ಕೂತರೆ ಹಸು ಒದೆಯುತ್ತಿತ್ತು. ಕೈಗುಣ ಸರಿಯಿಲ್ಲ ಎಂದು ಅತ್ತೆ ನನ್ನನ್ನು ಸಗಣಿ ಬಾಚಲು ಹಚ್ಚಿದರು. ಆಮೇಲೆ ಬಿತ್ತನೆಗೂ ನನ್ನ ಕೈ ಬೇಡವಾಯಿತು. ಎದುರಿಗೆ ಜಗಳವಾಡುತ್ತಿದ್ದೆ ನಿಜ, ಒಳಗೆ ನಾನೂ ಅದನ್ನು ನಂಬಿದ್ದೆ.

ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬಂಗಾರಪೇಟೆಯ ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರು ಬೇರೆ ಮಾನಿಟರಿಗೆ ಸಿಕ್ಕಿಸಿ ನೋಡಿದರು. ಕೇಬಲ್ ಸಡಿಲವಾಗಿದ್ದರೆ ಚಿತ್ರ ಮಿನುಗುತ್ತೆ ಎಂದು ಮುಚ್ಚಳವನ್ನು ಹಿಂದೆ ಮುಂದೆ ಅಲ್ಲಾಡಿಸಿದರು. ಏನೂ ಆಗಲಿಲ್ಲ. ಕೊನೆಗೆ ನನ್ನನ್ನೇ ಕೂರಿಸಿ, “ನೀವೇ ಒತ್ತಿ ನೋಡಿ” ಎಂದರು. ಎಷ್ಟು ಒತ್ತಿದರೂ ಸ್ಕ್ರೀನು ಬೆಳಗುತ್ತಲೇ ಇತ್ತು. ಡಾಕ್ಟರ ಹತ್ತಿರ ಹೋದ ಕೂಡಲೇ ಜ್ವರ ಇಳಿದ ಹಾಗೆ. ಇನ್ನೊಮ್ಮೆ ಆರಿದರೆ ಆಗ ಏನು ಮಾಡುತ್ತಿದ್ದಿರಿ ಅನ್ನುವುದನ್ನು ನೋಡಿಕೊಳ್ಳಿ ಎಂದು ಹೇಳಿ, ನಂಬರು ಕೊಟ್ಟು ಕಳಿಸಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಖುಷಿಯಾಗಿಯೇ ಇದ್ದೆ.

ಮಾರನೇ ದಿನ ಕೆಲಸದ ನಡುವೆ ಎದ್ದುಹೋಗಿ ಲ್ಯಾಪ್‌ಟಾಪಿನ ಮುಂದೆ ಕೂತೆ. ಕಪ್ಪು.

“ಓಗ್ಲಿ ಬಿಡು,” ಎಂದರು ಅಕ್ಕ. “ಟ್ರೈನಿಂಗ್‌ಗೆ ಬೇರೆಯವರನ್ನ ಕಳಿಸಾಣ.”

ನನಗೆ ಎಲ್ಲಿಲ್ಲದ ಕೋಪ ಬಂತು. “ಮಷೀನು ಹೊಲಿಗೆ ಬಿಟ್ರೆ ಏನ್ಮಾಡ್ತೀವಿ ಅಕ್ಕ? ಕೈಗುಣ ಅಂತೀವಾ? ಸೂಜಿ ಬದಲಾಯಿಸಿ ನೋಡ್ತೀವಿ. ಆಮೇಲೆ ದಾರ. ಆಮೇಲೆ ಬಾಬಿನ್. ಇದ್ನೂ ಅಂಗೇ ನೋಡೇಬಿಡ್ತೀನಿ” ಎಂದೆ. ಒಂದೊಂದನ್ನೇ ಬದಲಾಯಿಸಬೇಕು, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ತಪ್ಪು ಎಲ್ಲಿತ್ತೆಂದು ತಿಳಿಯುವುದಿಲ್ಲ. ಇದನ್ನು ನನಗೆ ಕಲಿಸಿದವರೂ ಅಕ್ಕನೇ.

ಚಾರ್ಜರ್ ಕಿತ್ತೆ. ಕಪ್ಪು. ಟೇಬಲ್ಲಿನಿಂದ ಎತ್ತಿ ನೆಲದ ಮೇಲಿಟ್ಟೆ. ಕಪ್ಪು. ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಬಲಗೈಯಲ್ಲಷ್ಟೇ ಒತ್ತಿದೆ. ಸ್ಕ್ರೀನು ಆರಲಿಲ್ಲ. ಎಡಗೈಯನ್ನು ಮೆಲ್ಲಗೆ ಕೀಲಿಗಳ ಕೆಳಗಿನ ಖಾಲಿ ಜಾಗದಲ್ಲಿ ಊರಿದೆ. ಪಕ್ಕನೆ ಆರಿತು. ಅಷ್ಟರಲ್ಲಿ ಎಲ್ಲರೂ ಮಷೀನು ನಿಲ್ಲಿಸಿ ಸುತ್ತ ನಿಂತಿದ್ದರು. ಹಾಗಾದರೆ ಕೈಯೇ ಕಾರಣ. ಅಕ್ಕ ನನ್ನನ್ನು ಪಾಪ ಎನ್ನುವಂತೆ ನೋಡಿದರು. ಆ ನೋಟ ಸಹಿಸಲಾಗದೆ ನಾನು ತಲೆ ತಗ್ಗಿಸಿ ಕೈಯನ್ನೇ ನೋಡಿದೆ. ಮಣಿಕಟ್ಟಿನ ಪಟ್ಟಿ ಕಣ್ಣಿಗೆ ಬಿತ್ತು. ಬದಲಾಯಿಸಲು ಉಳಿದದ್ದು ಅದೊಂದೇ.

ಬಿಚ್ಚಿ ಪಕ್ಕಕ್ಕಿಟ್ಟು ಬರಿಗೈ ಊರಿದೆ. ಸ್ಕ್ರೀನು ಹಾಗೇ ಇತ್ತು. ಇನ್ನೂ ನಂಬಿಕೆ ಬರಲಿಲ್ಲ. “ಅಕ್ಕ, ನಿಮ್ ಕೈ ಕೊಡಿ” ಎಂದು ಪಟ್ಟಿಯನ್ನು ಅವರ ಮಣಿಕಟ್ಟಿಗೆ ಕಟ್ಟಿದೆ. ಅವರು ಬಿಸಿ ಪಾತ್ರೆ ಮುಟ್ಟುವವರಂತೆ ಹಿಂಜರಿಯುತ್ತ ಕೈ ಇಟ್ಟರು. ಊರಿಗೆಲ್ಲ ಕೈಗುಣಕ್ಕೆ ಹೆಸರಾದ, ಮದುವೆ ಸೀರೆಗೆ ಮೊದಲ ಕುಚ್ಚು ಕಟ್ಟಲು ಎಲ್ಲರೂ ಕರೆಯುವ ಕೈ ಅದು. ಅದರಡಿ ಸ್ಕ್ರೀನು ಕಪ್ಪಾಯಿತು.

ಅಂಗಡಿಯವರಿಗೆ ಫೋನು ಹಚ್ಚಿ, ನಡೆದದ್ದನ್ನು ಹೇಳಿ, ಎಲ್ಲರಿಗೂ ಕೇಳುವಂತೆ ಹಿಡಿದೆ. “ಮುಚ್ಚಳದಲ್ಲಿ ಒಂದು ಪುಟ್ಟ ಮ್ಯಾಗ್ನೆಟ್ ಇರುತ್ತಮ್ಮ,” ಎಂದರು. “ಅದು ಕೆಳಗಿನ ಭಾಗಕ್ಕೆ ಹತ್ತಿರ ಬಂದ್ರೆ, ಮುಚ್ಚಿದ್ರು ಅಂತ ತಿಳ್ಕೊಂಡು ಸ್ಕ್ರೀನ್ ಆಫ್ ಆಗುತ್ತೆ. ನಿಮ್ಮ ಪಟ್ಟಿ ಬಂದಾಗ್ಲೂ ಅಂಗೇ ತಿಳ್ಕೊಂಡಿದೆ. ಅಂಗಡಿಗೆ ಬಂದಾಗ ಅದನ್ನ ಕಟ್ಕೊಂಡಿರಲಿಲ್ವಾ?” ಕಟ್ಟಿಕೊಂಡಿರಲಿಲ್ಲ. ಪಿನ್ನಿನ ಪಟ್ಟಿ ಕಟ್ಟಿಕೊಂಡು ಪೇಟೆಗೆ ಯಾರು ಹೋಗುತ್ತಾರೆ? ಅವರು ನಕ್ಕರು, ಕೋಣೆಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅಳುವಷ್ಟು ಸಂತೋಷವಾಗಿತ್ತು, ಇಷ್ಟು ವರ್ಷ ನನ್ನ ಕೈಯನ್ನು ನಾನೇ ದೂರಿದ್ದಕ್ಕೆ ಸಂಕಟವೂ ಆಗಿತ್ತು.

ಅಕ್ಕನೂ ನಗಲಿಲ್ಲ. ಪಟ್ಟಿಯನ್ನು ಬಿಚ್ಚಿ ದೂರ ಇಟ್ಟರು. ಆಮೇಲೆ ನನ್ನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು. ನಾನು ಗಾಬರಿಯಾಗಿ, “ಬ್ಯಾಡ ಅಕ್ಕ, ದೊಡ್ಡೋರು ನೀವು” ಎನ್ನುತ್ತ ಕೈ ಎಳೆದುಕೊಳ್ಳಲು ನೋಡಿದೆ. ಅವರು ಬಿಡಲಿಲ್ಲ.

“ತಪ್ಪಾಯ್ತು ಕಣಮ್ಮ,” ಎಂದರು. “ಸೋಮವಾರ ಬಂಗಾರಪೇಟೆಗೆ ನೀನೇ ಓಗು.”

ನಾನು ಕೈ ಎಳೆದುಕೊಳ್ಳುವುದನ್ನು ನಿಲ್ಲಿಸಿದೆ. ಈ ಕೈಯನ್ನು ಯಾರೂ ಅಷ್ಟು ಹೊತ್ತು ಹಿಡಿದುಕೊಂಡಿದ್ದೇ ಇಲ್ಲ.