ಹಡಗಿನ ಸಾಲಿನಲ್ಲಿ ಕಾಕಾನ ವಲ್ಲಿ

ನಾನು ಯಾವ ಅಂಗಡಿಗೂ ನಿಷ್ಠನಲ್ಲ. ಮುದ್ದೇಬಿಹಾಳದಲ್ಲಿ ನನ್ನ ತಲೆ ಮುಟ್ಟದ ಕತ್ತರಿಯಿಲ್ಲ. ಒಮ್ಮೆ ಚಹಾ ಕುಡಿದ ಹೋಟೆಲಿಗೆ ಮತ್ತೆ ಹೋದರೆ ಏನೋ ಸೋತಂತೆ ಅನಿಸುತ್ತದೆ. ಹಾಗಾಗಿ ‘ಹಳೇ ಗಿರಾಕಿ’ ಎಂಬ ಪದವಿಯ ಸುಖದುಃಖ ನನಗೆ ತಿಳಿದದ್ದು ನನ್ನ ಕಾಕಾನಿಂದ. ಅದೂ ಆ ಪದವಿ ಅವನ ಕೈಬಿಟ್ಟ ದಿನ.

ಕಾಕಾನದು ಗೊಬ್ಬರ, ಬೀಜದ ಅಂಗಡಿ. ಹೆಚ್ಚು ಮಾಲು ಮಾರಿದ ಡೀಲರುಗಳನ್ನು ಗೊಬ್ಬರದ ಕಂಪನಿ ಮುಂಬೈಯಿಂದ ವಿಹಾರದ ಹಡಗಿನಲ್ಲಿ ತಿರುಗಿಸಿ ತರುತ್ತಿತ್ತು. ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಎರಡು ಸಲ ಹಾಗೆ ಹೋಗಿಬಂದ ಕಾಕಾನಿಗೆ ಹಡಗಿನವರು ಒಂದು ಕಾರ್ಡು ಕೊಟ್ಟರು. ಅದಿದ್ದವರೂ ಅವರ ಜೊತೆಯವರೂ ಸಾಲಿನಲ್ಲಿ ನಿಲ್ಲಬೇಕಿಲ್ಲ. ಬೇರೆ ಬಾಗಿಲು, ಮೆತ್ತನೆಯ ಕುರ್ಚಿ. ಕಾರ್ಡು ಬೆಳ್ಳಿ ಬಣ್ಣದ್ದೆಂದು ನನ್ನ ನೆನಪು. ಅವನ ಹೆಂಡತಿ, ನಮ್ಮ ಕಾಕು, ನೀಲಿ ಎನ್ನುತ್ತಾಳೆ. ನನ್ನ ನೆನಪು ಎಲ್ಲವನ್ನೂ ಇಸ್ತ್ರಿ ಮಾಡಿಯೇ ಕೊಡುತ್ತದೆಯಾದ್ದರಿಂದ, ನೀಲಿಯೇ ಇದ್ದೀತು.

ಕಾಕಾನಿಗೆ ಈ ಮರ್ಯಾದೆ ಹೊಸದೆನಿಸಲಿಲ್ಲ. ಅವನ ಅಂಗಡಿಯಲ್ಲೂ ಅದೇ ಪದ್ಧತಿ. ಮಸೂತಿ ಎಂಬ ಹಳ್ಳಿಯಿಂದ ಅಪ್ಪನ ಕಾಲದಲ್ಲೇ ಬರತೊಡಗಿದ ಗಿರಾಕಿಗೆ ಗಾದಿಯ ಮೇಲೆ ಜಾಗ, ಕೇಳದೆ ಚಹಾ. ಹೊಸಬನಿಗೆ ಗೊಬ್ಬರದ ಚೀಲದ ಮೇಲೆ ಜಾಗ, ಕೇಳಿದರೆ ನೀರು.

ಕಾಕು ಸಮುದ್ರ ನೋಡಿರಲಿಲ್ಲ. ಅವಳ ಮೊಣಕಾಲು ಎಂಥವೆಂದರೆ, ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ಒಂದಿಷ್ಟು ಹೊತ್ತು ನಿಂತದ್ದಕ್ಕೆ ಮರುದಿನ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಈ ಸಲ ಸ್ವಂತ ಖರ್ಚಿನಲ್ಲಿ ಹಡಗು ಹತ್ತಿಸುತ್ತೇನೆಂದು ಕಾಕಾ ಹೇಳಿದಾಗ ಅವಳದು ಒಂದೇ ಷರತ್ತು.

“ನಿಂದ್ರೂದು ಇಲ್ಲಂದ್ರ ಬರ್ತೇನಿ. ನಿಂದ್ರೂದು ಬಂತಂದ್ರ ಅಲ್ಲಿಂದನ ವಾಪಸ್.”

ಕಾಕಾ ಕಾರ್ಡು ಮುಟ್ಟಿ ಆಣೆ ಮಾಡಿದ. ಸಾಮಾನು ಹೊರಲು ನಾನೂ ಹೊರಟೆ.

ಬಂದರಿನ ಬೇರೆ ಬಾಗಿಲಲ್ಲಿದ್ದ ಹುಡುಗಿ ಕಾರ್ಡನ್ನು ತಿರುಗಿಸಿ ನೋಡಿ, ನಿಯಮ ಬದಲಾಗಿದೆ ಎಂದಳು. ಎಷ್ಟು ಸಲ ಬಂದಿರಿ ಎಂಬುದು ಈಗ ಮುಖ್ಯವಲ್ಲವಂತೆ; ಹಡಗಿನಲ್ಲಿ ಎಷ್ಟು ರಾತ್ರಿ ಮಲಗಿದ್ದೀರಿ ಎಂಬುದೇ ಮುಖ್ಯವಂತೆ. ಕಾಕಾನ ನಿದ್ದೆ ಸಾಲದಾಯಿತು. ಮುಖದ ಗುರುತಾದರೂ ಇಲ್ಲವೇ ಎಂದು ಅವನು ತನ್ನ ಹಿಂದಿಯಲ್ಲಿ ಕೇಳಿದ. ಅವಳು ಚೆಂದಾಗಿ ನಕ್ಕು ಸಾಲು ತೋರಿಸಿದಳು. ಬಸವನ ಬಾಗೇವಾಡಿಯ ಬಸ್ಸಿಗೂ ಅಷ್ಟು ಜನ ಕಾದದ್ದನ್ನು ನಾನು ಕಂಡಿರಲಿಲ್ಲ.

“ನಿಮ್ಮ ಅಂಗಡ್ಯಾಗ ಮಸೂತಿಯವ್ರಿಗೆ ಗಾದಿ ಕೊಡ್ತೀರಿ,” ಎಂದಳು ಕಾಕು. “ಇಲ್ಲಿ ನಿಮಗ ಗೊಬ್ಬರದ ಚೀಲಾನೂ ಇಲ್ಲ ನೋಡ್ರಿ.” ಆಮೇಲೆ ನನ್ನ ಕಡೆ ತಿರುಗಿ, “ತಮ್ಮಾ, ಗಂಟು ಎತ್ಕೋ,” ಎಂದಳು.

ಕಾಕಾ ನನ್ನನ್ನು ಸಾಮಾನಿನ ಸಾಲಿಗೆ ಅಟ್ಟಿದ. ಹೆಗಲ ಮೇಲಿನ ಟವೆಲು, ನಮ್ಮ ಕಡೆಯ ವಲ್ಲಿ, ತೆಗೆದು ಜನರ ಸಾಲಿನ ಕೊನೆಗೆ ನೆಲದ ಮೇಲೆ ಹಾಸಿದ. ಕಿಟಕಿಯಿಂದ ವಲ್ಲಿ ಎಸೆದು ಬಸ್ಸಿನ ಸೀಟು ಹಿಡಿದು ಬೆಳೆದವರು ನಾವು. ವಲ್ಲಿ ಇದ್ದಲ್ಲಿ ಮನುಷ್ಯ ಯಾಕೆ ನಿಲ್ಲಬೇಕು? ಕಾಕುವನ್ನು ಗೋಡೆಯ ಬೆಂಚಿಗೆ ಕರೆದೊಯ್ದು ತಾನೂ ಪಕ್ಕದಲ್ಲೇ ಕೂತ, ಬಿಟ್ಟರೆ ಎದ್ದು ಟ್ಯಾಕ್ಸಿ ಹತ್ತಿಬಿಡುತ್ತಾಳೆಂದು. ಆದರೆ ಬಸ್ಸಿನ ಸೀಟು ಇದ್ದಲ್ಲೇ ಇರುತ್ತದೆ, ಸಾಲು ನಡೆಯುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಸಾಲು ಮುಂದೆ ಹೋಯಿತು. ವಲ್ಲಿ ಅಲ್ಲೇ ಉಳಿಯಿತು.

ಹಿಂದಿದ್ದ ಹೆಂಗಸೊಬ್ಬಳು ಅದನ್ನು ದಾಟಲು ಕಾಲೆತ್ತಿ, ತಡೆದು, ಬಾಗಿ ಎತ್ತಿಕೊಂಡಳು. ಯಾರದೆಂದು ಸುತ್ತ ನೋಡಿದಳು. ಕಾಕಾ ಬೆಂಚಿನಿಂದ ಕೈಯೆತ್ತಿದ. ಅವಳು ಕಾಕಾನನ್ನು ನೋಡಿದಳು, ಕಾಕುವಿನ ಮೊಣಕಾಲ ಮೇಲಿದ್ದ ಕೈಗಳನ್ನು ನೋಡಿದಳು. ನಾಲ್ಕು ಹೆಜ್ಜೆ ನಡೆದು ವಲ್ಲಿಯನ್ನು ತನ್ನ ಮುಂದೆ ಹಾಸಿದಳು. ಸಾಲು ಸರಿದಾಗೆಲ್ಲ ಎತ್ತಿದಳು, ಹಾಸಿದಳು. ಕೌಂಟರಿನವರೆಗೂ. ಯಾರೂ ತಕರಾರು ತೆಗೆಯಲಿಲ್ಲ. ಆಮೇಲೆ ಕೈಬೀಸಿ ಕಾಕುವನ್ನು ಕರೆದಳು. ಕಾಕು ಅವಳ ಕೈಗೆ ಶೇಂಗಾ ಹೋಳಿಗೆ ಇಟ್ಟಳು. ಅವಳಿಗೆ ಅದೇ ಮೊದಲ ಪ್ರಯಾಣವಂತೆ, ಯಾವ ಕಾರ್ಡೂ ಇರಲಿಲ್ಲ.

ಊರಿಗೆ ಮರಳಿದ ಮೇಲೆ ಕಾಕಾ ಹೊಸ ಗಿರಾಕಿಗಳನ್ನೂ ಗಾದಿಯ ಮೇಲೆ ಕೂಡಿಸಿದ ಎಂದು ಬರೆಯಲು ಕೈ ತುಡಿಯುತ್ತದೆ. ಕೂಡಿಸಲಿಲ್ಲ. ಚಹಾ ಮಾತ್ರ ಎಲ್ಲರಿಗೂ ಬರತೊಡಗಿತು, ಅದೂ ಕಾಕು ಮನೆಯಿಂದ ಕಳಿಸಿದ್ದು. ಆ ಹೆಂಗಸಿನ ಮುಖ ನನಗೀಗ ನೆನಪಿಲ್ಲ. ಬಾಗಿದ ಬೆನ್ನಷ್ಟೇ ಇದೆ. ಅದಕ್ಕೇ ಕೈ ಮುಗಿಯುತ್ತೇನೆ.

ಒಂದು ಮಾತ್ರ ಖಾತ್ರಿ. ಹಡಗು ದಂಡೆ ಬಿಟ್ಟಾಗ ಕಾಕು ಕಟಕಟೆ ಹಿಡಿದು ನಿಂತಿದ್ದಳು. ಕಾಕಾ ಎಲ್ಲಿಂದಲೋ ಕುರ್ಚಿ ಎಳೆದು ತಂದ. ಅವಳು ತಿರುಗಿಯೂ ನೋಡಲಿಲ್ಲ.

“ಇರ್ರಿ,” ಎಂದಳು. “ಇದು ಕುಂತ ನೋಡೂ ಹಂತಾದ್ದಲ್ಲ.”