ಎಡಗಾಲಿಗೆ ಕೆಲಸವಿಲ್ಲ

ನಾನು ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತೇನೆ. ಚಾಮರಾಜಪೇಟೆಯ ನಮ್ಮ ಮನೆಯ ಗೇಟಿಗೆ ಒಂದು ಸಣ್ಣ ಬೋರ್ಡು ತೂಗುಹಾಕಿದ್ದೇನೆ, ಅದನ್ನು ನೋಡಿ ಬಂದವರು ಕಡಿಮೆ. ಕಲಿತವರು ಹೇಳಿ ಕಳಿಸಿದವರೇ ಜಾಸ್ತಿ. ಮೇಡಂ ಬಾಯಿ ಸ್ವಲ್ಪ ಜೋರು, ತಲೆಗೆ ಹಚ್ಕೋಬೇಡಿ ಅಂತಲೂ ಹೇಳಿಯೇ ಕಳಿಸುತ್ತಾರೆ. ಅದು ಸುಳ್ಳೇನಲ್ಲ.

ನನ್ನದು ಹಳೆಯ ಪೆಟ್ರೋಲ್ ಕಾರು. ಅದರಲ್ಲಿ ಡಬಲ್ ಕಂಟ್ರೋಲ್ ಇದೆ. ಅಂದರೆ ಕಲಿಯುವವರ ಕಾಲಡಿ ಇರುವ ಕ್ಲಚ್ಚು, ಬ್ರೇಕು ಎರಡೂ ಎಡಗಡೆ ಕೂರುವ ನನ್ನ ಕಾಲಡಿಯೂ ಇವೆ. ಗಾಂಧಿ ಬಜಾರಿನಲ್ಲಿ ಹಸು ಅಡ್ಡ ಬಂದರೆ ಅವರು ಕಣ್ಣು ಮುಚ್ಚುತ್ತಾರೆ, ನಾನು ಬ್ರೇಕು ಒತ್ತುತ್ತೇನೆ. ಇಪ್ಪತ್ತಾರು ವರ್ಷದಿಂದ ಒತ್ತಿ ಒತ್ತಿ ಈಗ ಬಸ್ಸಿನಲ್ಲಿ ಕೂತರೂ ನನ್ನ ಪಾದ ತಾನೇ ತಾನಾಗಿ ನೆಲ ಒತ್ತುತ್ತದೆ.

ನಾನು ಕಲಿಸುವ ವಿದ್ಯೆಯೆಲ್ಲ ಎಡಗಾಲಿನದು. ಏರಿನಲ್ಲಿ ನಿಂತ ಕಾರು ಹಿಂದಕ್ಕೆ ಜಾರದಂತೆ, ಕ್ಲಚ್ಚನ್ನು ಅರ್ಧ ಬಿಟ್ಟು ಅರ್ಧ ಹಿಡಿದು, ಎಂಜಿನ್ನು ಸಣ್ಣಗೆ ನಡುಗಿದಾಗ ಹೊರಡಿಸಬೇಕು. ಇದೇ ಹಾಫ್ ಕ್ಲಚ್. ಮಾಗಡಿ ಕಡೆಯ ನಮ್ಮ ಹೊಲದಲ್ಲಿ ಅಪ್ಪನ ಟ್ರ್ಯಾಕ್ಟರ್ ಹತ್ತಿ ಕಲಿತದ್ದನ್ನೇ ಇಲ್ಲಿ ಕಲಿಸಿಕೊಂಡು ಬಂದಿದ್ದೇನೆ. ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಜಾರದೆ ಹೊರಡಿಸುವ ತನಕ ಯಾರನ್ನೂ ಟೆಸ್ಟಿಗೆ ಕಳಿಸುವುದಿಲ್ಲ. ಈ ವಿಷಯದಲ್ಲಿ ನನಗೆ ಸೊಕ್ಕು ಇತ್ತು.

ಒಂದು ಸಲ ನನಗಿಂತ ದೊಡ್ಡವರೇ ಒಬ್ಬರು ಕಲಿಯಲು ಬಂದರು. ಅರವತ್ತೊಂದು ವರ್ಷ. ಯಜಮಾನರದು ಸುಲ್ತಾನ್‌ಪೇಟೆಯಲ್ಲಿ ತಾತನ ಕಾಲದ ಲಗ್ನಪತ್ರಿಕೆ ಅಂಗಡಿ. ಎಲ್ಲರನ್ನೂ ಕೇಳುವ ಹಾಗೆ ಇವರನ್ನೂ ಕೇಳಿದೆ, "ಈಗ ಯಾಕಮ್ಮ ಮನಸ್ಸು ಬಂತು?"

"ಮಲ್ಲೇಶ್ವರದಲ್ಲಿ ನಮ್ಮಕ್ಕ ಇದಾಳೆ ಮೇಡಂ. ವಾರಕ್ಕೆ ಮೂರು ದಿನ ಡಯಾಲಿಸಿಸ್. ಆಸ್ಪತ್ರೆ ತೀರಾ ಹತ್ರ, ಅದಕ್ಕೇ ಆಟೋದವರು ಬರಲ್ಲ. ಬಂದ್ರೂ ಗುಂಡಿಗಳಲ್ಲಿ ಎತ್ತಾಕ್ತಾರೆ. ವಾಪಸ್ ಬರೋವಾಗ ಅವಳಿಗೆ ನೆಟ್ಟಗೆ ಕೂರೋಕೂ ತ್ರಾಣ ಇರಲ್ಲ. ನಾನೇ ಕರ್ಕೊಂಡು ಹೋಗ್ಬೇಕು."

ಅಮ್ಮ ತೀರಿಕೊಂಡ ಮೇಲೆ ಇವರನ್ನು ಸಾಕಿದ್ದು ಆ ಅಕ್ಕನೇ. ಅಕ್ಕನಿಗೆ ಬೇರೆ ಯಾರೂ ಇಲ್ಲ. ಇವರ ಮನೆಯಲ್ಲಿ ಆಗ ಕಾರು ಇರಲಿಲ್ಲ, ಯಜಮಾನರಿಗೆ ಸ್ಕೂಟರ್ ಬಿಟ್ಟರೆ ಬೇರೆ ಬಾರದು. ಹೆಂಡತಿ ಕಲಿತರೆ ಕಾರು ತೆಗೆದುಕೊಳ್ಳುವುದು ಅಂತ ಮಾತಾಗಿತ್ತು. ಯಾವ ಕಾರು ಅನ್ನುವಲ್ಲಿ ಎಲ್ಲ ನಿಂತಿತ್ತು.

ಯಜಮಾನರು ದಿನಾ ಜೊತೆಗೇ ಬಂದು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಬೆಳಿಗ್ಗೆ ಆರೂವರೆಗೇ ಸ್ನಾನ ಮಾಡಿ, ಹಣೆತುಂಬ ವಿಭೂತಿ ಹಚ್ಚಿ, ಕೈಯಲ್ಲಿ ಪೇಪರ್ ಮಡಿಸಿ ಹಿಡಿದು. ಮೊದಲ ದಿನವೇ ಶುರು ಮಾಡಿದರು.

"ಪೆಟ್ರೋಲ್ ಕಾರುಗಳನ್ನ ಹಂತಹಂತವಾಗಿ ನಿಲ್ಲಿಸ್ತಾರಂತೆ ಮೇಡಂ."

"ಯಾವಾಗಂತೆ?"

"ಅದಿನ್ನೂ ಹೇಳಿಲ್ಲ. ಸರ್ಕಾರ ಯೋಚನೆ ಮಾಡ್ತಿದೆಯಂತೆ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ಅಂದ್ರೆ ಇದೇ ಸರ್," ಎಂದೆ. "ಅಮ್ಮಾ, ಕ್ಲಚ್ ಪೂರ್ತಿ ಬಿಟ್ಬಿಟ್ರಿ. ನೋಡಿ, ಆಫ್ ಆಯ್ತು."

ಅವರ ಲೆಕ್ಕ ಇಷ್ಟೇ. ಈಗ ಪೆಟ್ರೋಲ್ ಕಾರು ತೆಗೆದುಕೊಂಡರೆ ನಾಳೆ ಸರ್ಕಾರ ರಸ್ತೆಗೆ ಇಳಿಸಬೇಡಿ ಎನ್ನಬಹುದು. ಎಲೆಕ್ಟ್ರಿಕ್ ತೆಗೆದುಕೊಳ್ಳೋಣವೆಂದರೆ ಮುಂದಿನ ವರ್ಷ ಇನ್ನೂ ಒಳ್ಳೆಯ ಬ್ಯಾಟರಿ ಬರುತ್ತದಂತೆ. ಆದ್ದರಿಂದ ಕಾಯುವುದೇ ಜಾಣತನ. ನಾನು ಸುಮ್ಮನಿರುವವಳಲ್ಲ. ಕರೆಂಟು ಎಲ್ಲಿಂದ ಬರುತ್ತೆ, ರಾಯಚೂರಲ್ಲಿ ಕಲ್ಲಿದ್ದಲು ಸುಟ್ಟು ಇಲ್ಲಿ ಹೊಗೆ ಇಲ್ಲ ಅಂದರೆ ಆಯಿತಾ ಎಂದು ಕೇಳಿದೆ. ನಮ್ಮ ಪೇಟೆಯ ಮನೆಗಳಿಗೆ ಚಪ್ಪಲಿ ಬಿಡಲು ಜಾಗವಿಲ್ಲ, ಕಾರು ನಿಲ್ಲಿಸಿ ಚಾರ್ಜು ಮಾಡುವುದೆಲ್ಲಿ ಎಂದೆ. ಗ್ಯಾರೇಜಿನವರು, ನನ್ನಂಥವರು ಏನು ಮಾಡಬೇಕು ಅಂತ ಯಾರಾದರೂ ಕೇಳಿದರಾ ಎಂದೂ ಕೇಳಿದೆ. ಕೋಳಿ ಕೇಳಿ ಖಾರ ಅರೆಯುತ್ತಾರೆಯೇ?

ಅವರು ಎಂದೂ ದನಿ ಏರಿಸಿದವರಲ್ಲ. "ಟೌನ್‌ಹಾಲ್ ಸಿಗ್ನಲ್ಲಲ್ಲಿ ಸ್ಕೂಟರ್ ಮೇಲೆ ಐದು ನಿಮಿಷ ನಿಂತು ನೋಡಿ ಮೇಡಂ, ಕರ್ಚೀಫು ಕಪ್ಪಾಗುತ್ತೆ. ನಾವು ಬದಲಾಗ್ಲಿಲ್ವಾ? ಅಕ್ಷರದ ಮೊಳೆ ಜೋಡಿಸಿ ಲಗ್ನಪತ್ರಿಕೆ ಅಚ್ಚು ಹಾಕ್ತಿದ್ವಿ. ಅದು ಹೋಯ್ತು, ಆಫ್‌ಸೆಟ್ ಮಿಷನ್ ಬಂತು. ಈಗ ಎಲ್ಲ ವಾಟ್ಸಾಪಲ್ಲೇ ಕರೀತಾರೆ."

"ವಾಟ್ಸಾಪಲ್ಲಿ ಕರೆದ್ರೆ ನೀವು ಮದುವೆಗೆ ಹೋಗ್ತೀರಾ?"

ಅವರು ಪೇಪರನ್ನು ಇನ್ನೊಂದು ಮಡಿಕೆ ಮಡಿಸಿದರು. "ಹೋಗಲ್ಲ," ಎಂದರು. ಆ ದಿನವೆಲ್ಲ ನಾನು ಬಹಳ ಖುಷಿಯಲ್ಲಿದ್ದೆ.

ಹೀಗೇ ಮೂರು ತಿಂಗಳು. ನಿಜ ಹೇಳಬೇಕೆಂದರೆ ಆ ವಾದ ನನಗೆ ರುಚಿ ಹತ್ತಿತ್ತು. ಸ್ಟಿಯರಿಂಗ್ ಹಿಡಿದವರು ಮಾತ್ರ ಒಂದು ಮಾತೂ ಆಡದೆ ಮುಂದೆ ನೋಡಿಕೊಂಡು ಓಡಿಸುತ್ತಿದ್ದರು. ಸಪಾಟು ರಸ್ತೆಯಲ್ಲಿ ಚೆನ್ನಾಗಿಯೇ ಓಡಿಸುತ್ತಿದ್ದರು, ಏರಿನಲ್ಲಿ ಮಾತ್ರ ಒಂದು ಗೇಣು ಜಾರುತ್ತಿತ್ತು. ಇನ್ನೂ ಕೂತಿಲ್ಲಮ್ಮ ಕಾಲು, ಟೆಸ್ಟು ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದೆ. ಮುಂದಿನ ವರ್ಷ ಕಾರು ನೋಡೋಣ ಎಂದು ಹಿಂದಿನಿಂದ ಯಜಮಾನರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತ ಗಾದೆ. ಇಲ್ಲಿ ನಾವಿಬ್ಬರು ಗಂಡಹೆಂಡಿರೂ ಅಲ್ಲ.

ಒಂದು ಬುಧವಾರ ಬುಲ್ ಟೆಂಪಲ್ ರಸ್ತೆಯ ಏರಿನ ಮಧ್ಯದಲ್ಲಿ ಆಕೆ ಕಾರನ್ನು ಎಡಕ್ಕೆ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದರು. ನಾನು ಬಯ್ಯಲು ಬಾಯಿ ತೆರೆದಿದ್ದೆ.

"ನಿನ್ನೆ ಅಕ್ಕ ಆಟೋ ಇಳಿಯೋವಾಗ ಬಿದ್ಳು," ಎಂದರು, ಮುಂದೆ ನೋಡಿಕೊಂಡೇ. "ಮೊಣಕೈ ತರಚಿದೆ. ಯಾರಿಗೂ ಹೇಳ್ಬೇಡ ಅಂದ್ಳು. ನಿಮ್ಮಿಬ್ಬರ ಮಾತೂ ಸರಿಯಾಗೇ ಇರ್ಬಹುದು. ಅದು ಯಾವ ವರ್ಷದ್ದೋ ನಂಗೊತ್ತಿಲ್ಲ. ಅಕ್ಕಂದು ನಾಳೆ."

ಆಕೆ ಮತ್ತೆ ಸ್ಟಾರ್ಟ್ ಮಾಡಿದರು, ಕ್ಲಚ್ಚು ಅರ್ಧ ಬಿಟ್ಟರು, ಎಂಜಿನ್ನು ನಡುಗಿತು, ಹ್ಯಾಂಡ್‌ಬ್ರೇಕ್ ಇಳಿಸಿದರು. ಕಾರು ಒಂದಂಗುಲವೂ ಹಿಂದೆ ಸರಿಯದೆ ಏರು ಹತ್ತಿತು. ನನ್ನ ಕಾಲು ಪೆಡಲಿನ ಮೇಲೆ ಇರಲಿಲ್ಲ. ಮೂರು ತಿಂಗಳು ಈ ಹೆಂಗಸಿನ ಮುಖ ನೋಡದೆ ಬರೀ ಕಾಲು ನೋಡಿದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಗುರುವಾರ ನನ್ನ ಕಾರಿನಲ್ಲೇ ಹೋದೆವು. ಆಕೆ ಓಡಿಸಿದರು, ಪಕ್ಕದಲ್ಲಿ ನಾನು. ಹೋಗುವಾಗ ಎಲ್ಲ ಸರಿಯಾಗಿತ್ತು. ಡಯಾಲಿಸಿಸ್ ಮುಗಿಸಿ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಬರುವಾಗ ಸಂಪಿಗೆ ರಸ್ತೆಯಲ್ಲಿ ಟ್ರಾಫಿಕ್ ಕಟ್ಟಿಕೊಂಡಿತ್ತು. ನಿಲ್ಲು, ಹೊರಡು, ನಿಲ್ಲು, ಹೊರಡು. ಒಂದೊಂದು ಸಲಕ್ಕೂ ಒಂದೊಂದು ಕುಲುಕು. ನನ್ನ ಹಳೆ ಕಾರಿನೊಳಗೆ ಪೆಟ್ರೋಲ್ ವಾಸನೆ ಸ್ವಲ್ಪ ಇದ್ದೇ ಇರುತ್ತದೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು, ಆದರೂ ವಾಂತಿಯಾಯಿತು. ಮನೆ ತಲುಪಿ ಮಂಚದ ಮೇಲೆ ಮಲಗಿಸಿದಾಗ ಕಡ್ಡಿಯಂಥ ಕೈಯಲ್ಲಿ ನನ್ನ ಕೈ ಹಿಡಿದರು.

"ವಾಸನೆ ತಡೆಯೋಕಾಗ್ಲಿಲ್ಲ ಕಣಮ್ಮ. ನಿನ್ನ ಕಾರು ಹಾಳು ಮಾಡ್ಬಿಟ್ಟೆ. ಬೇಜಾರ್ ಮಾಡ್ಕೋಬೇಡ."

ಇಪ್ಪತ್ತಾರು ವರ್ಷ ನನಗೆ ಅನ್ನ ಹಾಕಿದ ವಾಸನೆ ಅದು. ಬೀದಿಯಲ್ಲಿ ಬಕೆಟ್ ಇಟ್ಟುಕೊಂಡು ಸೀಟು ಒರೆಸುವಾಗ ಬೇಜಾರಾಗಿದ್ದು ನಿಜ, ಆದರೆ ಆ ಮುದುಕಮ್ಮನ ಮೇಲಲ್ಲ. ಸಂಜೆ ಸುಲ್ತಾನ್‌ಪೇಟೆ ಅಂಗಡಿಗೆ ಫೋನ್ ಮಾಡಿದೆ.

"ಸರ್, ಇನ್ನು ಕಾಯ್ಬೇಡಿ. ಎಲೆಕ್ಟ್ರಿಕ್ ಕಾರೇ ತಗೊಂಡ್ಬಿಡಿ. ಈ ವಾರಾನೇ ಹೋಗಿ ಬುಕ್ ಮಾಡಿ."

"ಹಾಗಾದ್ರೆ ನಾನು ಹೇಳ್ತಿದ್ದಿದ್ದು ಸರಿ ಅಂತೀರಾ?"

"ಸರಿ ಅಂತಿಲ್ಲ. ತಗೊಳ್ಳಿ ಅಂತಿದೀನಿ."

ಬುಕ್ ಮಾಡಿದ ಕಾರು ಬರುವ ತನಕ ವಾರದ ಆ ಮೂರೂ ದಿನ ನನ್ನ ಕಾರೇ ಹೋಯಿತು, ಕಿಟಕಿ ಇಳಿಸಿಕೊಂಡು, ಅಕ್ಕನ ಮಡಿಲಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡು. ಅಷ್ಟರಲ್ಲಿ ಶಿಷ್ಯೆ ಟೆಸ್ಟೂ ಪಾಸಾದರು, ನನ್ನ ಕಾರಿನಲ್ಲಿ, ಕ್ಲಚ್ಚಿನಲ್ಲಿ. ಹೊಸ ಕಾರು ಬಂದ ದಿನ ಚಕ್ರಗಳಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿ, ಯಜಮಾನರು ಕೀ ನನ್ನ ಕೈಗೇ ಕೊಟ್ಟರು. ಗುರುಗಳು ಮೊದಲು ಓಡಿಸಲಿ ಎಂದರು. ನಾನು ಗತ್ತಿನಿಂದ ಕೂತೆ. ಬೀದಿ ಕೊನೆಯಲ್ಲಿ ತಿರುವು ಬಂತು, ಗೇರು ಇಳಿಸಲು ನನ್ನ ಎಡಗಾಲು ಕ್ಲಚ್ಚನ್ನು ಪೂರ್ತಿ ತುಳಿಯಿತು. ಎಲೆಕ್ಟ್ರಿಕ್ ಕಾರಿಗೆ ಕ್ಲಚ್ಚೇ ಇಲ್ಲ, ತುಳಿದದ್ದು ಬ್ರೇಕು. ಹಿಂದೆ ಕೂತಿದ್ದ ಯಜಮಾನರ ಕನ್ನಡಕ ಹಾರಿ ನನ್ನ ತೊಡೆಯ ಮೇಲೆ ಬಿತ್ತು. ಎಷ್ಟು ಒಳ್ಳೆಯ ಅವಕಾಶ ಸಿಕ್ಕಿತ್ತು ಅವರಿಗೆ, ಆದರೂ ಒಂದು ಮಾತು ಆಡಲಿಲ್ಲ. ಕನ್ನಡಕ ಇಸಿದುಕೊಂಡು ಒರೆಸಿ ಹಾಕಿಕೊಂಡರು.

ಆ ರಾತ್ರಿ ಮಲಗಿದಾಗ ಭಯವೇ ಆಯಿತು. ಕ್ಲಚ್ ಇಲ್ಲದ ಕಾರಲ್ಲಿ ಕಲಿಸ್ತೀರಾ ಎಂದು ಕೇಳುವ ಫೋನುಗಳು ಆಗಲೇ ಬರುತ್ತಿದ್ದವು. ಇಲ್ಲಮ್ಮ ಎಂದು ಇಟ್ಟುಬಿಡುತ್ತಿದ್ದೆ. ನನ್ನ ಕಾಲಿಗೆ ಕೆಲಸವಿಲ್ಲದ ಮೇಲೆ ನಾನು ಕಲಿಸುವುದಾದರೂ ಏನನ್ನು?

ಮರುದಿನ ಶಿಷ್ಯೆ ಫೋನ್ ಮಾಡಿ, "ಮೇಡಂ, ಹೊಸ ಗಾಡೀಲಿ ಮೊದಲನೇ ಸಲ, ನೀವು ಪಕ್ಕದಲ್ಲಿದ್ರೆ ಧೈರ್ಯ," ಎಂದರು. ಹೋದೆ. ಎಡಗಡೆ ಸೀಟಿನಲ್ಲಿ ಕೂತು ಕಾಲು ಚಾಚಿದರೆ ಅಲ್ಲಿ ಪೆಡಲಿಲ್ಲ, ಬರೀ ಮ್ಯಾಟು. ಆಸ್ಪತ್ರೆಯಿಂದ ಅಕ್ಕನನ್ನು ಹತ್ತಿಸಿಕೊಂಡು ಹೊರಟೆವು. ಅದೇ ಸಂಪಿಗೆ ರಸ್ತೆ, ಅದೇ ಟ್ರಾಫಿಕ್. ಮುಂದಿನ ಬಸ್ಸು ನಿಂತಾಗಲೆಲ್ಲ ನನ್ನ ಪಾದ ಮ್ಯಾಟನ್ನು ಒತ್ತುತ್ತಿತ್ತು. ಸ್ಕೂಟರಿನವನೊಬ್ಬ ಅಡ್ಡ ನುಗ್ಗಿದ, ಎರಡೂ ಕಾಲಿನಿಂದ ಒತ್ತಿದೆ. ಅಷ್ಟರಲ್ಲಿ ಆಕೆ ಮೆಲ್ಲಗೆ ನಿಲ್ಲಿಸಿ, ಅವನಿಗೆ ದಾರಿ ಬಿಟ್ಟು, ಮತ್ತೆ ಹೊರಟಿದ್ದರು.

"ಅಲ್ಲಿ ಏನೂ ಇಲ್ಲ ಮೇಡಂ," ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ.

"ಗೊತ್ತು," ಎಂದೆ.

ಹಿಂದೆ ತಿರುಗಿ ನೋಡಿದೆ. ಅಕ್ಕ ಬಾಯಿ ಸ್ವಲ್ಪ ತೆರೆದುಕೊಂಡು ನಿದ್ದೆ ಹೋಗಿದ್ದರು. ನಿಂಬೆಹಣ್ಣು ಮಡಿಲಿಂದ ಉರುಳಿ ಸೀಟಿನ ಮೂಲೆಯಲ್ಲಿತ್ತು. ನಾನು ಚಪ್ಪಲಿ ಕಳಚಿ, ಎರಡೂ ಕಾಲನ್ನು ಮೇಲಕ್ಕೆಳೆದುಕೊಂಡು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ.