ಮರದ ಕಿವಿಗೆ ಬೀಳಬಾರದ ಮಾತು

ನಮ್ಮ ಮಾವ ಈರಭದ್ರಾಚಾರ್ ತುರುವೇಕೆರೆಯಲ್ಲಿ ಹಲಸಿನ ಮರದಿಂದ ತಂಬೂರಿ ಮಾಡುವವರು. ತೋಟದ ಹಾವಿಗೂ ಹೆದರದವರು ಫೋನಿಗೆ ಹೆದರುತ್ತಾರೆ. ಅದು ಬಡಿದುಕೊಂಡರೆ ಸಾಕು, ಕೈಯಲ್ಲಿನ ಉಳಿ ಕೆಳಗಿಟ್ಟುಬಿಡುತ್ತಾರೆ. ತಂಬೂರಿಯ ಬುಡದ ಬುರುಡೆ ಕೊರೆದಾದ ಮೇಲೆಯೇ ಗಿರಾಕಿಗಳಿಗೆ ಹೊಸ ಯೋಚನೆ ಹುಟ್ಟುವುದು: "ಆಚಾರ್ರೇ, ಕಾರಿನ ಡಿಕ್ಕಿಗೆ ಹಿಡಿಸೋ ಹಂಗೆ ಚಿಕ್ಕದು ಮಾಡ್ರೀ," "ನಮ್ಮ ಸೋಫಾ ಬಣ್ಣಕ್ಕೆ ಹೊಂದಬೇಕು ಕಣ್ರೀ." ಮಾವ ಬೈಯುವುದಿಲ್ಲ. ಫೋನ್ ಹಿಡಿದು ತೆಂಗಿನ ತೋಟಕ್ಕೆ ಓಡಿ, "ಆಗ್ಲಿ ಬುಡಿ ಸ್ವಾಮಿ, ಕೊರೆದಿದ್ದನ್ನ ತುಂಬಕ್ಕಾಯ್ತದಾ ನೋಡ್ತೀನಿ" ಎನ್ನುತ್ತಾರೆ. "ಒಳಗೇ ಮಾತಾಡಬಾರದಾ ಮಾವ?" ಎಂದರೆ, "ಬ್ಯಾಡ ಅಂದಿದ್ದು ಕೇಳಿಸ್ಕಂಡ ಮರ ಆಮೇಲೆ ನುಡಿಯಲ್ಲ ಕಣವ್ವ" ಎಂದು ಪಿಸುಗುಟ್ಟುತ್ತಾರೆ. ನನಗೆ ನಗು ಬರುತ್ತಿತ್ತು. ಇವತ್ತು ಅವರ ಕೈಗೆಲ್ಲ ಅರಗು ಅಂಟಿತ್ತು, ಫೋನ್ ನಾನೇ ಎತ್ತಿದೆ. ಮಗಳಿಗೆಂದು ತಂಬೂರಿ ಮಾಡಲು ಹೇಳಿದ್ದ ಬಿಳಿಗೆರೆಯ ಶಿವಮೂರ್ತಿಯವರು: "ಮಗಳು ಕೀಬೋರ್ಡೇ ಬೇಕು ಅಂತ ಕೂತವ್ಳೆ ಕಣಮ್ಮ, ಆ ತಂಬೂರಿ…" ತಿರುಗಿ ನೋಡಿದರೆ, ನಿದ್ದೆ ಹೋದ ನನ್ನ ಪಾಪುವಿನ ಕಿವಿಗೆ ನಾನು ಕೈ ಅಡ್ಡ ಹಿಡಿಯುವ ಹಾಗೆಯೇ, ಮಾವ ಎರಡೂ ಅಂಗೈಯಿಂದ ಅದೇ ತಂಬೂರಿಯ ಬುರುಡೆಯನ್ನು ಮುಚ್ಚಿಕೊಂಡು ಕುಳಿತಿದ್ದರು. "ಒಂದ್ನಿಮಿಷ ಇರಿ ಅಣ್ಣ" ಎಂದು ನಾನೂ ತೋಟಕ್ಕೆ ಓಡಿದೆ.